ಪುಕ್ಕಟೆ ಹೊಡೆತ

ಮೊದಲ ದಿನವೇ ನಾನು ಒಬ್ಬ ಕುಳ್ಳ ರಾಕ್ಷಸನನ್ನು ಎತ್ತಿ ಒಗೆಯಲು ಹೋದೆ. ಅಮರಗೋಳದ ಮಾರುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ ಚೀಲ ಹೊತ್ತ ಹಮಾಲ ನಾನು. ನನ್ನ ಸೊಂಟದ ಎತ್ತರದ ಪ್ರಾಣಿಯೊಂದು ಎದುರಿಗೆ ನಿಂತಿದೆ ಎಂದರೆ ನನಗೆ ಬೇರೆ ಏನು ಹೊಳೆಯಬೇಕು?

“ಎರಡೂ ಕೈ ಹಾಕಿ ಎತ್ತಿ ಆ ಕಡೆ ಒಗಿತೇನಿ,” ಎಂದೆ.

ಕತೆ ನಡೆಸುತ್ತಿದ್ದವಳು ನನ್ನ ಮಗಳು. ಎದುರಿಗೆ ಒಂದು ರಟ್ಟನ್ನು ಮರೆಯಾಗಿ ನಿಲ್ಲಿಸಿಕೊಂಡು ಕೂತಿದ್ದಳು. “ಅಪ್ಪಾ, ನಿನ್ನ ಮನಷಾಗ ಕುಸ್ತಿ ಬರಂಗಿಲ್ಲ. ಬರಿಗೈಲೆ ಹಿಡಿಯಾಕ ಹೋದಿ ಅಂದ್ರ, ನೀ ಕೈ ಹಾಕೂದ್ರಾಗ ಅದು ನಿನಗ ಒಂದು ಹೊಡಿತೈತಿ. ಪುಕ್ಕಟ್ ಹೊಡ್ತ.”

“ಪುಕ್ಕಟ್ ಅಂದ್ರ?”

“ಅದರ ಪಾಳಿ ಇರದಿದ್ರೂ ಹೊಡಿತೈತಿ. ನೀನ ಎದಿ ತೆರದು ಕೊಟ್ಟೀಯಲ್ಲ.”

“ಹೊಡೀಲಿ ಬಿಡು. ಅದರ ಕೈ ಎಷ್ಟು ದೊಡ್ಡದಿದ್ದೀತು?”

ಅವಳು ಇಪ್ಪತ್ತು ಮುಖದ ದಾಳ ಉರುಳಿಸಿದಳು. ಹತ್ತೊಂಬತ್ತು ಬಿತ್ತು. ಆ ಕುಳ್ಳನ ಚೂರಿ ನನ್ನ ತೊಡೆಗೆ ನಾಟಿತು, ನನ್ನ ಹಿಡಿತ ತಪ್ಪಿತು. ಪಡಸಾಲೆಯ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ, “ಮನ್ಯಾಗ ಕೂತು ಹೊಡ್ತ ತಿನ್ನೂ ಆಟ ಇದೊಂದ ನೋಡ್ರಿ,” ಎಂದಳು.

ನಾನು ಆರನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನು. ಅದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ. ಈ ಬೆನ್ನಿನ ಮೇಲೆಯೇ ಉಣಕಲ್‌ನಲ್ಲಿ ಎರಡು ಕೋಣೆಯ ಮನೆ ಎದ್ದಿದೆ, ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಆದರೆ ಅವಳು ಕಾಲೇಜಿಗೆ ಹೋಗಲು ಹತ್ತಿದ ಮೇಲೆ ನಮ್ಮಿಬ್ಬರ ನಡುವಿನ ಮಾತು ಸಣ್ಣದಾಗುತ್ತ ಬಂದಿತ್ತು. ಊಟ ಆತೇನು, ಆತು. ಬಸ್ಸು ಸಿಕ್ತೇನು, ಸಿಕ್ತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಅವಳು ಓದುವುದು ನನಗೆ ತಿಳಿಯದು, ನಾನು ಹೊರುವುದರಲ್ಲಿ ಹೇಳುವಂಥದ್ದೇನೂ ಇಲ್ಲ.

ಪ್ರತಿ ರವಿವಾರ ಮಧ್ಯಾಹ್ನ ಅವಳ ಗೆಳೆಯರು ನಮ್ಮ ಪಡಸಾಲೆಗೆ ಬಂದು ಈ ಆಟ ಆಡುತ್ತಿದ್ದರು. ಗೆಲ್ಲುವವರು ಸೋಲುವವರು ಎಂದು ಇದರಲ್ಲಿ ಇಲ್ಲ. ಒಬ್ಬಳು ಕತೆ ಕಟ್ಟುತ್ತಾಳೆ: ಕಾಡು, ಗುಹೆ, ಪಾಳುಬಿದ್ದ ಕೋಟೆ. ಉಳಿದವರು ಒಬ್ಬೊಬ್ಬ ಮನುಷ್ಯನನ್ನು ಮಾಡಿಕೊಂಡು ಆ ಕತೆಯೊಳಗೆ ಇಳಿಯುತ್ತಾರೆ. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳುವುದು, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುವುದು. ಮೂವರು ಆಡುತ್ತಿದ್ದರು. ಅವರಲ್ಲಿ ಒಬ್ಬನಿಗೆ ಬೆಳಗಾವಿಯಲ್ಲಿ ಕೆಲಸ ಸಿಕ್ಕು ಅವನು ಹೋದ. ಎರಡು ವಾರ ಆಟ ನಿಂತಿತು. ಮೂರನೆಯ ವಾರ ಮಗಳು ನನ್ನ ಹತ್ತಿರ ಬಂದು, “ಅಪ್ಪಾ, ಐತವಾರ ನಿನಗೆಲ್ಲೂ ಹೋಗೂದಿರಂಗಿಲ್ಲಲ್ಲ, ಕುಂದರತಿಯೇನು?” ಎಂದಳು.

ಕುಳಿತೆ. ಕೊಡಲಿ ಹಿಡಿದ ಒಬ್ಬ ದಾಂಡಿಗನನ್ನು ನನಗಾಗಿ ಒಂದು ಹಾಳೆಯ ಮೇಲೆ ಬರೆದು ಮಾಡಿಕೊಟ್ಟಳು. ನಿಯಮದ ಪುಸ್ತಕವೆಲ್ಲ ಇಂಗ್ಲಿಷು, ಅವರ ಆಟವೂ ಅರ್ಧ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ನಾನು ಕುಳಿತ ದಿನದಿಂದ ಪೂರಾ ಕನ್ನಡಕ್ಕೆ ತಿರುಗಿಸಿದಳು. ಒಂದು ಕತ್ತಲೆಯ ಗುಹೆಯನ್ನು ಅವಳು ವರ್ಣಿಸುವಾಗ ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಇಷ್ಟೊಂದು ಮಾತು ಇವಳಲ್ಲಿ ಎಲ್ಲಿತ್ತು? ವಾರದಲ್ಲಿ ಆರು ದಿನ ನಾಲ್ಕು ಮಾತು ಆಡುವ ಮಗಳು ಆ ಮೂರು ತಾಸು ನನ್ನ ಮುಖ ನೋಡಿ, “ಈಗ ಏನ ಮಾಡ್ತಿ ಅಪ್ಪಾ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಆ ಪ್ರಶ್ನೆಗಾಗಿ ನಾನು ಸೋಮವಾರದಿಂದಲೇ ಕಾಯತೊಡಗಿದೆ.

ಇನ್ನಿಬ್ಬರಲ್ಲಿ ಒಬ್ಬಳು ವಕೀಲಿ ಓದುವ ಹುಡುಗಿ. ಆಟದಲ್ಲಿ ಅವಳು ವೈದ್ಯಳು. ಬಿದ್ದವರಿಗೆ ಔಷಧ ಕೊಟ್ಟು ಎಬ್ಬಿಸುವುದು ಅವಳ ಕೆಲಸ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಪೆನ್ಸಿಲ್ಲು, ಒಂದು ಹೆಜ್ಜೆ ಇಡುವ ಮೊದಲು ಹತ್ತು ಹೆಜ್ಜೆ ಎಣಿಸುವವಳು. ಇನ್ನೊಬ್ಬ ಕೇಶ್ವಾಪುರದಲ್ಲಿ ಸ್ಟೇಷನರಿ ಅಂಗಡಿ ಇಟ್ಟವರ ಮಗ, ಆಟದಲ್ಲಿ ಕೀಲಿ ಮುರಿಯುವ ಕಳ್ಳ. ಊಟ, ನಗೆ ಎರಡರಲ್ಲೂ ಮುಂದು. ಇಬ್ಬರೂ ನನ್ನನ್ನು ಕಾಕಾ ಎನ್ನುತ್ತಿದ್ದರು.

ರಾಕ್ಷಸನನ್ನು ಎತ್ತುವ ಚಾಳಿಯನ್ನು ನಾನು ಲಗೂನೇ ಬಿಟ್ಟೆ. ಬಿಡಲಾಗದ ಚಾಳಿ ಇನ್ನೊಂದಿತ್ತು.

ಆಟದ ನಿಯಮ ಹೀಗಿದೆ. ವೈರಿ ನಿಮ್ಮ ತೋಳಿನಳತೆಯಲ್ಲಿ ನಿಂತಿದ್ದಾಗ ಅವನಿಗೆ ಬೆನ್ನು ತಿರುಗಿಸಿ ನೀವು ಬೇರೆ ಕಡೆ ಓಡಿದರೆ, ಅವನಿಗೆ ಒಂದು ಪುಕ್ಕಟೆ ಹೊಡೆತ. ಅದನ್ನು ತಪ್ಪಿಸಬೇಕೆಂದರೆ ಆ ಪಾಳಿಯಲ್ಲಿ ಬೇರೇನೂ ಮಾಡದೆ, ಅವನ ಮೇಲೆ ಕಣ್ಣಿಟ್ಟು ಮೆಲ್ಲಗೆ ಹಿಂದೆ ಸರಿಯಬೇಕು. ತಿಳಿಯದ ಮಾತೇನಲ್ಲ. ಆದರೆ ನಮ್ಮವರಲ್ಲಿ ಯಾರಾದರೂ ಬಿದ್ದರೆಂದು ಮಗಳು ಹೇಳಿದ ಕೂಡಲೇ ನನ್ನ ಬಾಯಿಂದ “ಓಡತೇನಿ” ಎಂದು ಬಂದುಬಿಡುತ್ತಿತ್ತು. ದಾಳ ಉರುಳುತ್ತಿತ್ತು. ಬೆನ್ನಿಗೆ ಬೀಳುತ್ತಿತ್ತು.

ಇದು ಮಾರುಕಟ್ಟೆಯಲ್ಲಿ ಕಲಿತದ್ದು. ಲಾರಿಗೆ ಮಾಲು ಏರಿಸುವಾಗ ನೆಲದಿಂದ ಲಾರಿಗೆ ಒಂದು ಹಲಗೆ ಹಾಕಿರುತ್ತೇವೆ. ಚೀಲ ಹೊತ್ತವನು ಅದರ ಮೇಲೆ ನಡೆದು ಹೋಗುತ್ತಾನೆ. ಅವನ ಕಾಲು ನಡುಗಿತು ಎಂದರೆ, ಹತ್ತಿರ ಯಾರಿದ್ದಾರೋ ಅವರು ತಮ್ಮ ಹೆಗಲ ಮೇಲಿನದನ್ನು ಅಲ್ಲೇ ಚೆಲ್ಲಿ ಹೋಗಿ ಅವನಿಗೆ ಆಸರೆಯಾಗಬೇಕು. ಕೂಗುವವರಿಲ್ಲ, ಕೇಳುವವರಿಲ್ಲ. ನಾನು ಹೊಸಬನಿದ್ದಾಗ ನಮ್ಮ ಗುಂಪಿನ ಹಿರಿಯನೊಬ್ಬನ ಮೊಣಕಾಲು ಹಲಗೆಯ ನಟ್ಟನಡುವೆ ಸೋತಿತು. ನಾನು ಹೊತ್ತಿದ್ದ ಹೆಸರುಕಾಳಿನ ಚೀಲ ಒಗೆದು ಓಡಿದೆ. ಚೀಲ ಒಡೆದು ಕಾಳೆಲ್ಲ ಮಣ್ಣುಪಾಲು. ಮಾಲಿನ ಮಾಲಕರು ಬಾಯಿಗೆ ಬಂದಂತೆ ಬಯ್ದರು. ಆಗ ನಮ್ಮ ಮುಕಾದಮ, ಎಂದರೆ ಗುಂಪಿನ ಮುಂದಾಳು, “ಕಾಳು ಬಳದು ತುಂಬಿ ಕೊಡ್ತೇವ್ರಿ ಸಾವಕಾರ್ರ. ಆ ಮುದುಕನ ಬೆನ್ನು ಮುರದಿದ್ರ ಏನ ತುಂಬೂದಿತ್ತು?” ಎಂದ. ಸಂಜೆಯವರೆಗೆ ಎಲ್ಲರೂ ಕೂತು ಕಾಳು ಹಸನು ಮಾಡಿ ತುಂಬಿಕೊಟ್ಟೆವು. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿನಿಂದ ನನ್ನ ಕಾಲು ನನ್ನನ್ನು ಕೇಳಿ ಓಡುವುದಿಲ್ಲ.

ಮಾರುಕಟ್ಟೆಯಲ್ಲಿ ಅದು ಸರಿ. ಆಟದಲ್ಲಿ ಅದರಿಂದ ಅನಾಹುತವಾಯಿತು. ಒಂದು ರವಿವಾರ, ತಿಂಗಳುಗಟ್ಟಲೆ ನಡೆದು ನಾವು ಮೂವರು ಆ ಪಾಳು ಕೋಟೆಯ ಬಾಗಿಲಿಗೆ ಬಂದಿದ್ದೆವು. ಕಾವಲುಗಾರರ ಜೊತೆ ಬಡಿದಾಡುವಾಗ ಕಳ್ಳ ಹುಡುಗ ಕಾಲು ಜಾರಿ ಬಿದ್ದ. ನಾನು ಎದುರಿನ ಇಬ್ಬರಿಗೆ ಬೆನ್ನು ತಿರುಗಿಸಿ ಓಡಿದೆ. ಎರಡು ಪುಕ್ಕಟೆ ಹೊಡೆತ, ಎರಡೂ ಬಿದ್ದವು. ನಾನು ನೆಲಕ್ಕೆ ಉರುಳಿದೆ. ನೋಡಿದರೆ ಆ ಹುಡುಗನಿಗೆ ತರಚಿದ ಗಾಯವೂ ಆಗಿರಲಿಲ್ಲ. ಬರೀ ಎಡವಿದ್ದ, ತಾನೇ ಎದ್ದ. ವೈದ್ಯಳು ತನ್ನ ಕಟ್ಟಕಡೆಯ ಔಷಧ ನನ್ನ ಬಾಯಿಗೆ ಸುರಿಯಬೇಕಾಯಿತು. ಬಾಗಿಲು ಮುಟ್ಟಿ ಬಂದ ದಾರಿಗೆ ವಾಪಸು.

ವಕೀಲಿ ಹುಡುಗಿ ಪೆನ್ಸಿಲ್ಲು ಕೆಳಗಿಟ್ಟಳು. ಹಿಂದಿನಿಂದ ಆಡುವವಳಲ್ಲ ಅವಳು, ನನ್ನ ಮುಖಕ್ಕೇ ಹೇಳಿದಳು. “ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ಮನಷಾರು ಭಾಳ ಛಲೋ ಅದೀರಿ. ಆದ್ರ ನಾವು ವಾರಗಟ್ಲೆ ಲೆಕ್ಕಾ ಹಾಕಿ ಮುಂದ ಹೊಕ್ಕೇವಿ, ನೀವು ಒಂದ ಓಟದಾಗ ಅಷ್ಟೂ ಹಾಳ ಮಾಡ್ತೀರಿ. ನಮ್ಮ ಕಾಲೇಜಿನ್ಯಾಗ ಇನ್ನೊಬ್ಬಾಕಿ ಆಡಾಕ ಬರ್ತೇನಿ ಅನ್ನಾಕತ್ತಾಳ.”

ನನ್ನ ಕಿವಿ ಬಿಸಿಯಾಯಿತು. ಎದ್ದು ಹೋಗಬೇಕೆನ್ನಿಸಿದ್ದು ಖರೆ. ಮಾರುಕಟ್ಟೆಯಲ್ಲಿ ನನಗೆ ಹೀಗೆ ಅಂದವರ ಮಾಲು ಮತ್ತೆ ನಾನು ಮುಟ್ಟಿಲ್ಲ. ಆದರೆ ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ, ಎದ್ದರೆ ಆ ಮೂರು ತಾಸು ಹೋದಂತೆಯೇ.

ಮಗಳು ರಟ್ಟಿನ ಮೇಲಿಂದ ಇಣುಕಿ, “ಇನ್ನೊಂದು ಐತವಾರ ನೋಡೂಣು,” ಎಂದಳು.

“ನೋಡೂಣು. ಆದ್ರ ಕಾಕಾ, ಮತ್ತ ಹಂಗ ಓಡಿದ್ರ...”

“ಓಡಿದ್ರ ನಾನ ಏಳತೇನವಾ,” ಎಂದೆ. “ನೀ ಹೇಳೂದ ಬ್ಯಾಡ.”

ಆ ವಾರ ದಿನಾ ಸಂಜೆ ಮಗಳ ಹತ್ತಿರ ಪಾಠ ಹೇಳಿಸಿಕೊಂಡೆ. ಅಡುಗೆಮನೆಯ ನೆಲದ ಮೇಲೆ ಸ್ಟೀಲು ಬಟ್ಟಲುಗಳು ವೈರಿಗಳು, ಉಪ್ಪಿನ ಡಬ್ಬಿ ನಾನು. “ಈಗ ಮೂಲ್ಯಾಗ ಗೆಳ್ಯಾ ಬಿದ್ದ. ಏನ ಮಾಡ್ತಿ?” ಎಂದು ಅವಳು ಕೇಳುವುದು, ನಾನು ಡಬ್ಬಿಯನ್ನು ಒಂದೊಂದೇ ಗೇಣು ಹಿಂದೆ ಸರಿಸುವುದು.

“ಸಾವಕಾಶ ಅಪ್ಪಾ. ವೈರಿ ಮ್ಯಾಲೆ ಕಣ್ಣಿರಲಿ.”

“ಅಷ್ಟರಾಗ ಬಿದ್ದಾಂವ ಸಾಯಂಗಿಲ್ಲೇನ?”

“ಒಮ್ಮೊಮ್ಮೆ ಸಾಯ್ತಾನ.”

“ಮತ್ತ?”

“ಮತ್ತೇನಿಲ್ಲ. ಅದ ಆಟ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ, “ಮೊದಲ ನನ್ನ ಉಪ್ಪಿನ ಡಬ್ಬಿ ಬಿಡಿಸ್ಕೊಡ್ರಿ ಆ ರಾಕ್ಷಸರ ಕಡಿಂದ. ಪಲ್ಯ ಸಪ್ಪಗ ಐತಿ,” ಎಂದಳು. ಮಗಳು ನಕ್ಕು ನಕ್ಕು ಗೋಡೆಗೆ ಒರಗಿದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ ನನಗೆ ನೆನಪಿಲ್ಲ.

ರವಿವಾರ ಬಂತು. ಹೆಂಡತಿ ಗಿರ್ಮಿಟ್ ಮಾಡಿಟ್ಟಿದ್ದಳು, ಯಾರೂ ಸರಿಯಾಗಿ ತಿನ್ನಲಿಲ್ಲ. ವೈದ್ಯಳು ಹೊಸ ಔಷಧ ಮಾಡಿಕೊಂಡಿದ್ದಳು, ಬೇರೆ ದಾರಿ ಹುಡುಕಿ ಕೋಟೆಯೊಳಗೆ ಹೊಕ್ಕಿದ್ದೆವು. ಕಿರಿದಾದ ಒಂದು ಓಣಿಯಂಥ ದಾರಿ, ಅದರ ತುದಿಗೆ ಹೊರಹೋಗುವ ಬಾಗಿಲು. ಕಳ್ಳ ಹುಡುಗ ಮುಂದೆ ಹೋಗಿ ಕೀಲಿ ಮುರಿದು ಬಾಗಿಲು ತೆರೆದ, ನಮ್ಮನ್ನು ಕರೆಯಲು ಹತ್ತು ಹೆಜ್ಜೆ ಹಿಂದೆ ಬಂದ, ಗೋಡೆಯೊಳಗಿಂದ ಬಾಣ ಬಂದು ಎದೆಗೆ ನಾಟಿತು, ಬಿದ್ದ. ಈ ಸಲ ಎಡವಿದ್ದಲ್ಲ. ಅದೇ ಹೊತ್ತಿಗೆ ಗೋಡೆಗೆ ಆತು ನಿಂತಿದ್ದ ಮೂರು ಕಬ್ಬಿಣದ ಸಿಪಾಯಿಗಳು ಜೀವ ಬಂದು ನಡೆದು ಬಂದವು, ಅವನಿಗೂ ನಮಗೂ ನಡುವೆ ಒಂದರ ಹಿಂದೆ ಒಂದು ನಿಂತವು. ಮೊದಲನೆಯದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಿತು. ಅವುಗಳ ಪಕ್ಕ ನುಸುಳಿ ಹೋಗಲು ಜಾಗವಿತ್ತು. ಆದರೆ ನುಸುಳುವವರಿಗೆ ಮೂರರದೂ ಒಂದೊಂದು ಪುಕ್ಕಟೆ ಹೊಡೆತ.

“ಒಂದು ಸುತ್ತಿನೊಳಗ ಔಷಧ ಮುಟ್ಟದಿದ್ರ ಅಂವ ಹೋದ,” ಎಂದು ಮಗಳು ಹೇಳಿದಳು. ಎಲ್ಲರಿಗೂ ಒಂದೊಂದು ಪಾಳಿ ಮುಗಿದರೆ ಒಂದು ಸುತ್ತು. ಆ ಸುತ್ತಿನಲ್ಲಿ ಮೊದಲು ನಾನು, ಆಮೇಲೆ ವೈದ್ಯಳು, ಕೊನೆಗೆ ಸಿಪಾಯಿಗಳು.

ವಕೀಲಿ ಹುಡುಗಿ ಪೆನ್ಸಿಲ್ಲಿನಿಂದ ಏನೇನೋ ಗೀಚಿದಳು, ಹೊಡೆದು ಹಾಕಿದಳು, ಮತ್ತೆ ಗೀಚಿದಳು. “ಆಗಂಗಿಲ್ಲ. ನನ್ನ ಮೈ ಮ್ಯಾಲೆ ಕವಚ ಇಲ್ಲ. ಒಂದು ಹೊಡ್ತ ಬಿದ್ರ ನಾ ಸತ್ತೆ, ನನ್ನ ಕೂಡ ಔಷಧಾನೂ ಹೋಗ್ತೈತಿ. ನಾವು ಹಿಂದ ಸರಿಬೇಕು.”

“ಸರೀರಿ, ಸರೀರಿ,” ಎಂದ ಕಳ್ಳ ಹುಡುಗ. “ನಾ ಇನ್ನೊಬ್ಬ ಕಳ್ಳನ್ನ ಮಾಡ್ಕೋತೇನಿ.” ನಗುತ್ತಲೇ ಹೇಳಿದ, ಆದರೆ ಕೈ ತನ್ನ ಹಾಳೆಯನ್ನು ಒತ್ತಿ ಹಿಡಿದಿತ್ತು. ಒಂದೂವರೆ ವರ್ಷದಿಂದ ಅವನು ಆ ಒಬ್ಬನನ್ನೇ ಆಡಿಕೊಂಡು ಬಂದವನು.

ಮಗಳು ನನ್ನ ಕಡೆ ತಿರುಗಿದಳು. “ಈಗ ಏನ ಮಾಡ್ತಿ ಅಪ್ಪಾ?”

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿದೆ. ಓಡಿದರೆ ನನ್ನ ಜಾಗ ಹೋಯಿತು. ಓಡಿ ತಾನೇ ಏನು ಮಾಡುವುದು, ನನ್ನ ಹತ್ತಿರ ಔಷಧವಿಲ್ಲ. ನಾನು ಆ ಮೂರು ಸಿಪಾಯಿಗಳನ್ನು ನೋಡುತ್ತ ಕೂತೆ. ಕೇರಂ ಬೋರ್ಡಿನ ಮೂರು ಕರಿ ಬಿಲ್ಲೆ ಅವು. ಕಬ್ಬಿಣದ ದೊಡ್ಡ ಖಡ್ಗ ಎಂದಿದ್ದಳು ಮಗಳು. ಭಾರವಾದದ್ದು. ಭಾರವಾದದ್ದನ್ನು ಬೀಸಿದರೆ ಕೈ ಎಲ್ಲಿಗೆ ಹೋಗುತ್ತದೆ, ಬೆನ್ನು ಎಲ್ಲಿಗೆ ತಿರುಗುತ್ತದೆ, ಇದು ಯಾವ ಪುಸ್ತಕದಲ್ಲೂ ಓದದೆ ನನಗೆ ಗೊತ್ತು.

“ಒಂದು ಮಾತು ಕೇಳ್ತೇನಿ,” ಎಂದೆ. “ಇಂವ ನನಗ ಒಂದು ಪುಕ್ಕಟ್ ಹೊಡದ ಅನ್ನು. ಖಡ್ಗ ಕೆಳಗ ಹೋತು. ಅದ ಗಳಿಗಿಗೆ ನನ್ನ ಹಿಂದ ಇನ್ನೊಬ್ಬರು ಹಾದು ಹೋದ್ರ, ಅವರಿಗೂ ಪುಕ್ಕಟ್ ಹೊಡೀತಾನೇನು? ಕೈ ಮ್ಯಾಲೆತ್ತಬೇಕಲ್ಲ ಮೊದಲ?”

ಮಗಳು ಪುಸ್ತಕ ತೆಗೆದು ಹಾಳೆ ತಿರುವಿದಳು. ಬೆರಳಿಟ್ಟು ಎರಡು ಸಲ ಓದಿದಳು.

“ಒಂದು ಸುತ್ತಿಗೆ ಒಬ್ಬ ವೈರಿಗೆ ಒಂದ ಪುಕ್ಕಟ್ ಹೊಡ್ತ,” ಎಂದಳು ಮೆಲ್ಲಗೆ. “ಇಲ್ಲೇ ಐತಿ. ಒಂದ ಸುತ್ತಿನ್ಯಾಗ ನಮ್ಮವರು ಇಬ್ಬರು ಯಾವತ್ತೂ ಓಡಿಲ್ಲಲ್ಲ, ಲಕ್ಷ್ಯಕ್ಕ ಬಂದಿದ್ದಿಲ್ಲ.”

ವಕೀಲಿ ಹುಡುಗಿಯ ಪೆನ್ಸಿಲ್ಲು ನಿಂತಿತು. ಕನ್ನಡಕ ಮೇಲೇರಿತು. “ಅಂದ್ರ ಕಾಕಾ ಮೊದಲ ಓಡಿದ್ರ, ಮೂರೂ ಹೊಡ್ತ ಅವರ ಮ್ಯಾಲೆ ತೀರಿ ಹೊಕ್ಕಾವು. ಹಿಂದ ನಾ ಹೋದ್ರ ನನಗ ಯಾರೂ ಹೊಡಿಯಂಗಿಲ್ಲ.”

“ಹೌದು.”

“ಕಾಕಾ, ಓಡ್ರಿ!”

“ಷರತ್ತ ಐತೆಲ್ಲವಾ,” ಎಂದೆ. “ಓಡಿದ್ರ ಏಳತೇನಿ ಅಂದೇನಿ.”

“ಕಾಕಾ, ಆ ಮಾತು ಈಗ್ಯಾಕ್ರಿ? ಓಡ್ರಿ ಅಂದ್ರ ಓಡ್ರಿ!”

ಆ ಹುಡುಗಿ ದನಿಯೇರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. “ಓಡತೇನಿ,” ಎಂದೆ.

ಮೊದಲನೆಯ ಸಿಪಾಯಿಗೆ ದಾಳ ಉರುಳಿತು. ನಾಲ್ಕು. ಖಡ್ಗ ಗಾಳಿಯಲ್ಲಿ ಹೋಯಿತು. ಎರಡನೆಯದಕ್ಕೆ ಹದಿನೇಳು, ಹೆಗಲು ಹರಿಯಿತು. ಮೂರನೆಯದಕ್ಕೆ ಹದಿನಾರು, ಪಕ್ಕೆಗೆ ಬಿತ್ತು. ಆದರೂ ನನ್ನ ಮನುಷ್ಯ ಬೀಳಲಿಲ್ಲ. ಬಿದ್ದವನ ಹತ್ತಿರ ಹೋಗಿ, ತಿರುಗಿ, ಅವನಿಗೆ ಅಡ್ಡವಾಗಿ ನಿಂತ. ವೈದ್ಯಳು ಆ ಮೂರು ಕೆಳಗಿಳಿದ ಖಡ್ಗಗಳ ನಡುವೆ ಮದುವೆಮನೆಯಲ್ಲಿ ಪಂಕ್ತಿ ದಾಟಿದ ಹಾಗೆ ದಾಟಿ ಬಂದಳು. ಔಷಧ ಬಿತ್ತು. ಕಳ್ಳ ಕಣ್ಣು ಬಿಟ್ಟ. ಅವರಿಬ್ಬರೂ ನಮ್ಮ ಮನೆಯ ಹಂಚು ಹಾರುವಂತೆ ಕೂಗಿದರು.

ಮಗಳು ಕೂಗಲಿಲ್ಲ. ಈಗ ಸಿಪಾಯಿಗಳ ಪಾಳಿ ಇತ್ತು, ಮೂರಕ್ಕೂ ಎದುರಿಗೆ ಇದ್ದವನು ನಾನೊಬ್ಬನೇ. ಅವಳು ರಟ್ಟಿನ ಹಿಂದೆ ದಾಳ ಹಾಕಿದಳು. ನೋಡಿದಳು. ಬಹಳ ಹೊತ್ತು ನೋಡಿದಳು. ರಟ್ಟಿನ ಹಿಂದೆ ಏನು ಬಿದ್ದಿದೆಯೆಂದು ನಮಗೆ ಕಾಣುವುದಿಲ್ಲ. ಅವಳು ಮೂರು ಎಂದಿದ್ದರೆ ಮೂರೇ. ತುಟಿ ಕಚ್ಚಿಕೊಂಡಿದ್ದಳು. ಸಣ್ಣವಳಿದ್ದಾಗ ಸುಳ್ಳು ಹೇಳುವ ಮೊದಲು ಹಾಗೇ ಕಚ್ಚಿಕೊಳ್ಳುತ್ತಿದ್ದಳು.

“ಖರೇ ಹೇಳು,” ಎಂದೆ.

“ಹದಿನೆಂಟು,” ಎಂದಳು.

“ಮತ್ತ ನಾ ಹೋದ್ನಲ್ಲ?”

“ಹೋದಿ ಅಪ್ಪಾ.”

ಹೋದರೆ ಹೋದೆ. ನನ್ನ ಹಾಳೆಯನ್ನು ಮಡಚಿ ಅವಳ ಮುಂದಿಟ್ಟೆ. ಷರತ್ತು ಹೇಗೂ ಇತ್ತು, ಈಗ ಮನುಷ್ಯನೂ ಇಲ್ಲ. ಯಾರ ಬಾಯಲ್ಲೂ ಹೇಳಿಸಿಕೊಳ್ಳಬಾರದೆಂದು ನಾನೇ ಎದ್ದು, “ಚಹಾ ಇಡ್ತೇನಿ,” ಎಂದು ಅಡುಗೆಮನೆಗೆ ಹೋದೆ. ಹೆಂಡತಿ ನನ್ನ ಮುಖ ನೋಡಿದಳು. ಸಕ್ಕರೆ ಡಬ್ಬಿ ಕೈಗೆ ಕೊಟ್ಟಳು.

ಪಡಸಾಲೆಯಿಂದ ಅವರ ಮಾತು ಕೇಳುತ್ತಿತ್ತು. ಕೋಟೆಯ ಬಾಗಿಲು ತೆರೆದೇ ಇತ್ತು, ಇಬ್ಬರೂ ಸಿಪಾಯಿಗಳ ತೋಳಿನಳತೆಯಾಚೆ ಇದ್ದರು. ಈಗ ಇಬ್ಬರೂ ಓಡಿದರೆ ಪಾರಾಗುತ್ತಾರೆ ಎಂದು ಮಗಳು ಹೇಳಿದಳು.

“ಮತ್ತ ಕಾಕಾನ್ನ?” ಇದು ಕಳ್ಳ ಹುಡುಗ.

“ಸತ್ತಾನಪಾ. ಹೆಣ ಐತಿ ಅಲ್ಲಿ.”

ವಕೀಲಿ ಹುಡುಗಿಯ ದನಿ ಬಂತು. “ಬಿಟ್ಟು ಹೋಗಂಗಿಲ್ಲ.”

“ಏನಂತೀ? ಹೆಣಾ ಹೊರಾಕ ಬಗ್ಗಿದ್ರ ಸಿಪಾಯಿಗೋಳು ಪುಕ್ಕಟ್ ಹೊಡಿತಾವು. ಲೆಕ್ಕಾ ಹಾಕು.”

“ಹಾಕೇನಿ. ಗೊತ್ತೈತಿ. ಬಿಟ್ಟು ಹೋಗಂಗಿಲ್ಲ.” ಆಮೇಲೆ ಅಡುಗೆಮನೆಯ ಕಡೆಗೆ ಕೂಗಿದಳು: “ಕಾಕಾ! ಚಹಾ ಆಮ್ಯಾಲೆ ಇಡ್ರಿ, ಬಂದು ಕುಂದರ್ರಿ. ನೀವು ಎಷ್ಟು ಭಾರ ಅದೀರಿ?”

ನಾನು ಬಾಗಿಲಲ್ಲಿ ನಿಂತೆ. “ಸತ್ತಾಂವಗ ಕೇಳ್ತೀಯೇನವಾ?”

“ಹೊರೂದು ಸತ್ತಾಂವಗ ಬಿಟ್ರ ಯಾರಿಗೆ ಗೊತ್ತೈತ್ರಿ ಇಲ್ಲೆ? ಇಂವ ಒಂದು ನೋಟ್‌ಬುಕ್ಕಿನ ಬಂಡಲ್ ಎತ್ತಿದ್ರ ಏದತಾನ. ಆಮ್ಯಾಲೆ ಮುಂದಿನ ಐತವಾರಕ್ಕ ಒಬ್ಬ ಹೊಸಾ ಮನಷಾನ್ನ ಮಾಡ್ಕೋರಿ. ಅಂವನೂ ಓಡಾಂವನ ಇರಬೇಕು ಮತ್ತ.”

ಮಗಳು ರಟ್ಟಿನ ಹಿಂದೆ ತಲೆ ತಗ್ಗಿಸಿಕೊಂಡಿದ್ದಳು. ಹೆಗಲು ಕುಣಿಯುತ್ತಿದ್ದುದು ಕಾಣುತ್ತಿತ್ತು. ನಾನು ಬಂದು ನನ್ನ ಜಾಗದಲ್ಲಿ ಕುಳಿತೆ. “ಒಂದು ಕ್ವಿಂಟಲ್ ಹಿಡೀರಿ,” ಎಂದೆ. “ಕೊಡ್ಲಿ ಬ್ಯಾರೆ. ಒಬ್ಬರ ಕೆಲಸ ಅಲ್ಲ ಇದು. ಒಬ್ಬರು ಬಗಲಾಗ ಕೈ ಹಾಕಿ ತಲಿ ಕಡೆ ಹಿಡೀರಿ, ಇನ್ನೊಬ್ಬರು ಮಣಕಾಲಿನ ಕೆಳಗ. ಬೆನ್ನ ಬಗ್ಗಸಬ್ಯಾಡ್ರಿ, ಕಾಲು ಬಗ್ಗಸ್ರಿ. ಏಳೂವಾಗ ಇಬ್ಬರೂ ಕೂಡಿ ಏಳ್ರಿ. ಮುಂದಿನಾಂವ ತಿರುಗಿ ನೋಡಂಗಿಲ್ಲ.”

“ತಲಿ ಕಡೆ ನಾ,” ಎಂದ ಕಳ್ಳ ಹುಡುಗ.

“ನೀ ಈಗರ ಎದ್ದೀದಿ. ಕಾಲ ಹಿಡಿ.”

“ನನ್ನ ಸಲುವಾಗಿ ಸತ್ತಾರ, ತಲಿ ನಂದು.”

ಇಬ್ಬರೂ ಜಗಳಕ್ಕೆ ಬಿದ್ದರು. ಮಗಳು ಕಣ್ಣೊರೆಸಿಕೊಂಡು ದಾಳ ಕೈಗೆತ್ತಿಕೊಂಡಳು. “ಲಗೂ ಹೇಳ್ರಿ,” ಎಂದಳು. “ಬಾಗಲಾ ಇನ್ನೂ ಹತ್ತು ಹೆಜ್ಜಿ ಐತಿ.”